ಮೈದಾ ಅಂಟು, ಕೋರಾ ಬಟ್ಟೆ ಮತ್ತು ಮಾವನ ಪೋಸ್ಟರ್

ಎರಡು ಮಳೆಗಾಲ ಕಳೆದವು. ನಾನೇ ಬಟ್ಟೆಗೆ ಅಂಟಿಸಿ ಚೌಕಟ್ಟು ಹಾಕಿದ ಹಳೆಯ ಸಿನಿಮಾ ಪೋಸ್ಟರ್ ಇನ್ನೂ ಮದ್ದಳೆಯ ಚರ್ಮದಂತೆ ಬಿಗಿಯಾಗಿದೆ. ತೀರ್ಥಹಳ್ಳಿಯ ಮಳೆಗೆ ಡಬ್ಬಿಯೊಳಗಿನ ಹಪ್ಪಳವೇ ಮೆತ್ತಗಾಗುತ್ತದೆ, ಕಾಗದ ನಿಲ್ಲುತ್ತದೆಯೇ ಎಂದು ನಕ್ಕವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದ ಸೋದರಮಾವನ ಟ್ರಂಕಿನಲ್ಲಿ ಸಿಕ್ಕಿದ್ದು ಅದು. 30×40 ಇಂಚಿನ ಮಾಮೂಲಿ ಸಿನಿಮಾ ಅಳತೆ, ಮಡಿಕೆಗಳಲ್ಲಿ ಸೀಳು. ಫ್ರೇಮ್ ಅಂಗಡಿಯವರು 4,500 ಕೇಳಿದರು. "ಮನೆಯಲ್ಲಿ ಮಾತ್ರ ಕೈ ಹಾಕಬೇಡಿ ಮಾರಾಯರೇ" ಎಂದು ಬೇರೆ ಹೇಳಿದರು. ಆ ಮಾತಿಗೇ ನನಗೆ ಹಠ ಬಂತು.

ಪುಣ್ಯಕ್ಕೆ ಮೊದಲು ಕೆಲಸಕ್ಕೆ ಬಾರದ ಪೋಸ್ಟರುಗಳ ಮೇಲೆ ಕೈ ಪಳಗಿಸಿಕೊಂಡೆ. ಸನ್‌ಬೋರ್ಡಿಗೆ (ಹಗುರವಾದ ಫೋಮ್ ಹಲಗೆ) ಎರಡು ಬದಿಯ ಟೇಪು ಹಚ್ಚಿ ಕೂರಿಸಿದ್ದು ಜೂನ್ ಬರುತ್ತಲೇ ಪೂರಿಯಂತೆ ಉಬ್ಬಿತು. ಪ್ಲೈವುಡ್ಡಿಗೆ ಮರದ ಅಂಟು ಬಳಿದು ಅಂಟಿಸಿದ್ದು ಹಲಗೆಯನ್ನೇ ಬಿಲ್ಲಿನಂತೆ ಬಗ್ಗಿಸಿತು, ಕೀಳಲು ಹೋದರೆ ಕಾಗದವೇ ಹರಿಯಿತು. ಗೋಡೆಗೆ ಪೋಸ್ಟರ್ ಹಚ್ಚುವವರ ಹಾಗೆ ಮೈದಾಕ್ಕೆ ಮೈಲುತುತ್ತ ಹಾಕಿದೆ. ಹುಳ ಬರಲಿಲ್ಲ, ಆದರೆ ನಾಯಕಿಯ ಕೆನ್ನೆ ಹಸಿರಾಯಿತು. ಈ ಕಸರತ್ತಿಗೇ ಸುಮಾರು 1,200 ಹೋಗಿದೆ. ನನ್ನ ಹೆಂಡತಿ ಅದನ್ನೂ ಸೇರಿಸಿಯೇ ಲೆಕ್ಕ ಹೇಳುತ್ತಾಳೆ.

ಕೊನೆಗೆ ಕೈ ಹಿಡಿದದ್ದು ಕೋರಾ ಬಟ್ಟೆ, ಅಂದರೆ ಬಿಳುಪು ಮಾಡದ ಹತ್ತಿ ಬಟ್ಟೆ. ಬಿಸಿನೀರಿನಲ್ಲಿ ಎರಡು ಸಲ ಒಗೆಯಲೇಬೇಕು. ಒಮ್ಮೆ ಸೋಮಾರಿತನದಿಂದ ಬಿಟ್ಟಿದ್ದೆ, ಬಟ್ಟೆ ಕುಗ್ಗಿ ಚಿತ್ರದ ಮೇಲೆ ಹಾಲಿನ ಕೆನೆಯಂತೆ ಸುಕ್ಕು ಬಿತ್ತು. ಹಳೆಯ ಬಾಗಿಲಿನ ಮೇಲೆ ಪ್ಲಾಸ್ಟಿಕ್ ಹಾಸಿ, ಒದ್ದೆ ಬಟ್ಟೆಯನ್ನು ಸುತ್ತಲೂ ಮೊಳೆ ಹೊಡೆದು ಎಳೆದೆ. ಮೈದಾ ಒಂದು ಲೋಟಕ್ಕೆ ನೀರು ಐದು ಲೋಟದ ಅಂದಾಜು. ಬೇಯಿಸಿ, ಸೋಸಿ, ಪೂರ್ತಿ ತಣಿಸಿದ ಮೇಲೆ ನೀರುದೋಸೆ ಹಿಟ್ಟಿನ ಹದಕ್ಕಿಂತ ಒಂದು ಕೈ ಗಟ್ಟಿ. ಅದಕ್ಕೆ ಇನ್ನೊಂದು ಪದಾರ್ಥ ಸೇರಿಸುತ್ತೇನೆ, ಅದು ನನ್ನಲ್ಲೇ ಇರಲಿ.

ಮೂಲೆಯಲ್ಲಿ ಒದ್ದೆ ಹತ್ತಿಯಿಂದ ಒತ್ತಿ ಬಣ್ಣ ಬಿಡುವುದಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಪೋಸ್ಟರನ್ನು ಮಗುಚಿ ನೀರು ಚಿಮುಕಿಸಿ ಹತ್ತು ನಿಮಿಷ ಬಿಟ್ಟಾಗ ಕಾಗದ ಹಿಗ್ಗಿ, ಮಡಿಕೆಗಳು ತಾವಾಗಿಯೇ ಮಲಗಿದವು. ಹಿಗ್ಗುವ ಮೊದಲೇ ಅಂಟಿಸಿದರೆ ಗುಳ್ಳೆ ಏಳುತ್ತದೆ. ತಮ್ಮ ಆ ತುದಿ, ನಾನು ಈ ತುದಿ. ನಡುವಿನಿಂದ ಅಂಚಿಗೆ ಒರೆಸುತ್ತಾ ಹೋದೆವು. ಸೀಳುಗಳನ್ನು ಕೂಡಿಸಲು ಒಂದು ಗಂಟೆ ಹಿಡಿಯಿತು, ಅಷ್ಟೂ ಹೊತ್ತು ಇಬ್ಬರೂ ಮಾತಾಡಲಿಲ್ಲ. ಫ್ಯಾನ್ ಹಾಕದೆ ಎರಡು ದಿನ ನೆರಳಿನಲ್ಲಿ ಒಣಗಿಸಿದೆ. ಶಿವರಾತ್ರಿ ಕಳೆದ ಬಿಸಿಲುಕಾಲವಾದ್ದರಿಂದ ಅಷ್ಟರಲ್ಲಿ ಮುಗಿಯಿತು.

ನಂತರ ಎರಡಿಂಚು ಅಂಚು ಬಿಟ್ಟು ಕತ್ತರಿಸಿ, ಹಲಸಿನ ರೀಪರಿನ ಚೌಕಟ್ಟಿಗೆ ಬಟ್ಟೆಯನ್ನು ಎಳೆದು ಪಿನ್ ಹೊಡೆದೆ. ಮುಂದೆ ಮೂರು ಮಿ.ಮೀ. ಅಕ್ರಿಲಿಕ್. ಈ ಅಳತೆಗೆ ನಾಲ್ಕು ಮಿ.ಮೀ. ಗಾಜು ಎಂದರೆ ಎಂಟು ಕೆ.ಜಿ. ಹತ್ತಿರ ತೂಗುತ್ತದೆ, ಇದು ಮೂರರ ಒಳಗೆ. ಅಕ್ರಿಲಿಕ್ ಚಿತ್ರಕ್ಕೆ ತಾಗದಂತೆ ಸಂದಿಗೆ ಅಡಿಕೆ ದಬ್ಬೆಯ ಪಟ್ಟಿ ಕೊಟ್ಟು ಬೀಗಿದ್ದೆ. ಆರು ತಿಂಗಳಲ್ಲಿ ಕುಟ್ಟೆ ಹಿಡಿದು ಕೆಳಗೆ ಹಿಟ್ಟು ಉದುರಿತು. ಈಗ ಅಲ್ಲಿ ಉಳಿಕೆ ಅಕ್ರಿಲಿಕ್ಕಿನ ಚೂರುಗಳಿವೆ. ಒಟ್ಟು ಖರ್ಚು 1,900ರ ಆಸುಪಾಸು.

ಕಳೆದ ತಿಂಗಳು ಅದೇ ಫ್ರೇಮ್ ಅಂಗಡಿಯವರು ಮನೆಗೆ ಬಂದಿದ್ದರು. ಹತ್ತಿರ ಹೋಗಿ, ಕನ್ನಡಕ ಏರಿಸಿ ಮಡಿಕೆ ಹುಡುಕಿದರು. ಕಾಫಿ ಕುಡಿದ ಮೇಲೆ, ಗಿರಾಕಿಯೊಬ್ಬರ ಹರಿದ ನಕಾಶೆ ಅಂಗಡಿಯಲ್ಲಿದೆ, ತಂದುಕೊಡಲೇ ಎಂದು ಕೇಳಿದರು. ಕೂಲಿ ಎಷ್ಟು ಹೇಳುವುದೆಂದು ಇನ್ನೂ ಲೆಕ್ಕ ಹಾಕುತ್ತಿದ್ದೇನೆ.