ಕ್ಯಾಥೊಲಿಕ್ ಹಿಸ್ಟಾರಿಕಲ್ ರಿವ್ಯೂ: ಹಳೇ ಸಂಚಿಕೆ ಹುಡುಕಿ ಓದೋದು ಹೇಗೆ

ಚರ್ಚ್ ಇತಿಹಾಸದ ಬಗ್ಗೆ ಸೀರಿಯಸ್ಸಾಗಿ ಓದ್ಬೇಕು ಅನ್ನೋರಿಗೆ ಈ ಜರ್ನಲ್ ಒಳ್ಳೇ ಜಾಗ. 1915ರಲ್ಲಿ ವಾಷಿಂಗ್ಟನ್ನಿನ ಕ್ಯಾಥೊಲಿಕ್ ಯೂನಿವರ್ಸಿಟಿ ಆಫ್ ಅಮೆರಿಕಾದಲ್ಲಿ ಶುರುವಾಯ್ತು, ಪೀಟರ್ ಗಿಲ್ಡೇ ಅನ್ನೋ ಪಾದ್ರಿ-ಇತಿಹಾಸಕಾರರು ಇದರ ಹಿಂದೆ ಇದ್ರು. ವರ್ಷಕ್ಕೆ 4 ಸಂಚಿಕೆ.

ಮೊದ್ಲು ವರ್ಷ ನೋಡ್ಕೊಳ್ಳಿ. ಆರಂಭದ ಸಂಪುಟಗಳಲ್ಲಿ ಬರೀ ಅಮೆರಿಕಾದ ಚರ್ಚ್ ವಿಷಯಾನೇ ಜಾಸ್ತಿ, ಆಮೇಲೆ 1921ರಿಂದ ವ್ಯಾಪ್ತಿ ದೊಡ್ಡದಾಯ್ತು, ಸೋ ಮಧ್ಯಯುಗದ ಯುರೋಪ್ ಬೇಕು ಅಂದ್ರೆ 1915ರ ಸಂಚಿಕೆ ತಿರುವಿ ಹಾಕಿ ಟೈಮ್ ವೇಸ್ಟ್ ಮಾಡ್ಬೇಡಿ.

ಹಳೇವು ಜೆಸ್ಟೋರ್‌ನಲ್ಲಿ ಸಿಗುತ್ತೆ, ಹೊಸವು ಪ್ರಾಜೆಕ್ಟ್ ಮ್ಯೂಸ್‌ನಲ್ಲಿ (ಎರಡೂ ಜರ್ನಲ್‌ಗಳನ್ನ ಆನ್‌ಲೈನ್‌ನಲ್ಲಿ ಇಟ್ಟಿರೋ ವೆಬ್‌ಸೈಟ್‌ಗಳು). ಕಾಲೇಜಿನ ಲಾಗಿನ್ ಇದ್ರೆ ಆರಾಮ್, ಇಲ್ಲಾಂದ್ರೆ ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕಿ, ಕಾಪಿರೈಟ್ ಮುಗಿದಿರೋ ತುಂಬಾ ಹಳೇ ಸಂಪುಟಗಳ ಸ್ಕ್ಯಾನ್ ಫ್ರೀಯಾಗಿ ಇರುತ್ತೆ.

ಹುಡುಕುವಾಗ ಹೆಸರಿನ ಸ್ಪೆಲಿಂಗ್ ಬದ್ಲಾಯಿಸಿ ನೋಡಿ, ನೂರು ವರ್ಷದ ಹಿಂದೆ ಮಂಗಳೂರನ್ನ ಇಂಗ್ಲಿಷ್‌ನಲ್ಲಿ ಮ್ಯಾಂಗಲೋರ್ ಅಂತಾನೇ ಬರೀತಿದ್ದದ್ದು, ಈಗಿನ ಹೆಸರು ಹಾಕಿದ್ರೆ ಏನೂ ಬರಲ್ಲ.

ನನ್ನ ಕೇಳಿದ್ರೆ ನೇರ ಲೇಖನಕ್ಕೆ ಹೋಗ್ಬೇಡಿ, ಸಂಚಿಕೆಯ ಕೊನೇ ಪುಟಗಳಲ್ಲಿರೋ ಪುಸ್ತಕ ವಿಮರ್ಶೆ ಮೊದ್ಲು ಓದಿ. ಒಂದೆರಡು ಪುಟದಲ್ಲಿ ಯಾವ ಪುಸ್ತಕ ಗಟ್ಟಿ, ಯಾರು ಯಾರ ಜೊತೆ ಜಗಳ ಆಡ್ತಿದಾರೆ ಎಲ್ಲಾ ಗೊತ್ತಾಗುತ್ತೆ (ಪಂಡಿತರ ಜಗಳ ಓದೋಕೆ ಮಜಾನೇ ಬೇರೆ). ಆಮೇಲೆ ಅಡಿಟಿಪ್ಪಣಿ ಹಿಡ್ಕೊಂಡು ಮೂಲ ದಾಖಲೆ ಯಾವ ಆರ್ಕೈವ್‌ನಲ್ಲಿದೆ ಅಂತ ನೋಟ್ ಮಾಡ್ಕೊಳ್ಳಿ.