ಗಿಟಾರಿನ ಬಣ್ಣದ ಚಕ್ಕೆ: ತುಂಬಿದ್ದು ಯಾವುದು, ಬಿಟ್ಟಿದ್ದು ಯಾವುದು

ನನ್ನ ಎಲೆಕ್ಟ್ರಿಕ್ ಗಿಟಾರಿನಲ್ಲಿ ಮೂರು ಕಡೆ ಬಣ್ಣದ ಚಕ್ಕೆ ಎದ್ದಿತ್ತು. ಬಾಡಿಯ ಕೆಳ ಅಂಚಿನಲ್ಲಿ ದೊಡ್ಡದೊಂದು, ನೆಕ್ (ತಂತಿಗಳನ್ನು ಒತ್ತಿ ನುಡಿಸುವ ಉದ್ದನೆಯ ಭಾಗ) ಬಂದು ಸೇರುವ ಮೂಲೆಯಲ್ಲಿ ಬಿರುಕಿನೊಡನೆ ಸಣ್ಣದೊಂದು, ನೆಕ್‌ನ ಹಿಂಬದಿಯಲ್ಲಿ ಅಕ್ಕಿಕಾಳಿನಷ್ಟು ಇನ್ನೊಂದು. ಕಣ್ಣಿಗೆ ಚುಚ್ಚುತ್ತಿದ್ದುದು ಮೊದಲನೆಯದು. ನಾನು ತುಂಬಿದ್ದು ಕೊನೆಯದನ್ನು ಮಾತ್ರ.

ನಾದ ಕೆಡುತ್ತದೆಂಬ ಭಯವನ್ನು ಮೊದಲು ಬಿಡಬೇಕು. ತಂತಿಗಳ ಕೆಳಗಿರುವ ಅಯಸ್ಕಾಂತದ ಪಿಕಪ್ ಹಿಡಿಯುವುದು ಉಕ್ಕಿನ ತಂತಿಯ ಕಂಪನವನ್ನು. ಅಂಚಿನಲ್ಲಿ ಒಂದು ಚೂರು ಬಣ್ಣ ಹೋಯಿತೆಂದು ಅದಕ್ಕೆ ಏನೂ ಆಗುವುದಿಲ್ಲ. ಐರ್ಲೆಂಡಿನ ಗಿಟಾರ್ ವಾದಕ ರೋರಿ ಗ್ಯಾಲಗರ್ ಅವರ ಎಲೆಕ್ಟ್ರಿಕ್ ಗಿಟಾರಾದ 1961ರ ಸ್ಟ್ರಾಟೋಕಾಸ್ಟರ್‌ನಲ್ಲಿ ಬಹುಪಾಲು ಬಣ್ಣವೇ ಉಳಿದಿರಲಿಲ್ಲ, ಆದರೂ ಅವರು ಅದನ್ನೇ ನುಡಿಸಿದರು. ಹಾಗಾಗಿ ನಾನು ಕೇಳಿಕೊಂಡ ಪ್ರಶ್ನೆಗಳು ಎರಡೇ: ಇದು ಕೈಗೆ ತಾಗುತ್ತದೆಯೇ? ಇದು ಇನ್ನೂ ಹರಡುತ್ತದೆಯೇ?

ಕೆಳ ಅಂಚಿನದು ಎರಡೂ ಅಲ್ಲ. ಉಗುರಿನಿಂದ ಸುತ್ತಲೂ ಎಬ್ಬಿಸಿ ನೋಡಿದೆ, ಬಣ್ಣ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಸಾಲದ್ದಕ್ಕೆ ಅದು ಮೆಟಾಲಿಕ್ ನೀಲಿ. ಆ ಬಣ್ಣದೊಳಗಿನ ಲೋಹದ ಕಣಗಳು ಬೆಳಕಿಗೆ ಮಿನುಗುವ ರೀತಿಯನ್ನು ಕುಂಚದಿಂದ ತರುವುದು ಬಹಳ ಕಷ್ಟ. ಸರಿಹೊಂದದ ತೇಪೆಗಿಂತ ನಿಜವಾದ ಗಾಯವೇ ಲೇಸು ಎಂಬುದು ನನ್ನ ದೃಢ ಅಭಿಪ್ರಾಯ.

ನೆಕ್ ಮೂಲೆಯ ಬಿರುಕು ಮಾತ್ರ ಆತಂಕ ತಂದಿತು. ತಂತಿಗಳನ್ನು ಸಡಿಲಿಸಿ, ತಿರುಪುಗಳನ್ನು ಬಿಚ್ಚಿ, ನೆಕ್ ಕಳಚಿ ಟಾರ್ಚ್ ಹಾಕಿ ನೋಡಿದೆ. ಬಿರುಕು ಬಣ್ಣದಲ್ಲೇ ನಿಂತಿತ್ತು, ಮರಕ್ಕೆ ಇಳಿದಿರಲಿಲ್ಲ. ಮರ ಹವೆಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ, ಗಡುಸಾದ ಬಣ್ಣ ಹಾಗೆ ಬಾಗುವುದಿಲ್ಲ. ಆ ಮೂಲೆಯಲ್ಲಿ ಇದು ಸಾಮಾನ್ಯ. ಮರವೇ ಸೀಳಿದ್ದರೆ ನುರಿತವರ ಕೈಗೆ ಕೊಡುತ್ತಿದ್ದೆ.

ನೆಕ್ ಕಳಚಿದ್ದರಿಂದ ಇನ್ನೊಂದು ಪರೀಕ್ಷೆಯೂ ಆಯಿತು. ನೆಕ್‌ನ ತುದಿಯಲ್ಲಿ, ಬಾಡಿಯೊಳಗೆ ಮುಚ್ಚಿಹೋಗುವ ಜಾಗದಲ್ಲಿ, ಮರದ ಮೇಲಿನ ರಕ್ಷಣಾ ಲೇಪವಾದ ಲ್ಯಾಕರ್‌ಗೆ ಹತ್ತಿಯಿಂದ ಒಂದಿಷ್ಟು ಅಸಿಟೋನ್ ಮುಟ್ಟಿಸಿದೆ. ಅದು ಹಳೆಯ ಬಗೆಯ ನೈಟ್ರೋಸೆಲ್ಯುಲೋಸ್ (ನೈಟ್ರೋ) ಲೇಪ ಆಗಿದ್ದರೆ ಮೆತ್ತಗಾಗಿ ಅಂಟಂಟಾಗುತ್ತಿತ್ತು. ಹಾಗಾಗಲಿಲ್ಲ, ಎಂದರೆ ಪಾಲಿ (ಪಾಲಿಯುರೆಥೇನ್ ಅಥವಾ ಪಾಲಿಯೆಸ್ಟರ್ ಲೇಪ). ಈ ವ್ಯತ್ಯಾಸ ಮುಖ್ಯ. ನೈಟ್ರೋ ಮೇಲೆ ಹೊಸ ನೈಟ್ರೋ ಹಚ್ಚಿದರೆ ಹಳೆಯದರೊಡನೆ ಕರಗಿ ಒಂದಾಗುತ್ತದೆ. ಪಾಲಿ ಹಾಗೆ ಬೆರೆಯುವುದಿಲ್ಲ, ಗುಳಿಯನ್ನು ತುಂಬಿ ಸಮ ಮಾಡಬೇಕಷ್ಟೇ. ಹಳೆಯ ಬೆಲೆಬಾಳುವ ನೈಟ್ರೋ ಗಿಟಾರಾದರೆ ಚಕ್ಕೆಯನ್ನು ಮುಟ್ಟಲೇಬೇಡಿ. ಮೂಲ ಬಣ್ಣ ಹೋದರೆ ಬೆಲೆಯೂ ಹೋಗುತ್ತದೆ.

ಇನ್ನು ನೆಕ್ ಹಿಂಬದಿಯ ಚಕ್ಕೆ. ಹೆಬ್ಬೆರಳು ಪ್ರತಿ ಸಲ ಅಲ್ಲೇ ತಡೆಯುತ್ತಿತ್ತು, ಬರಿ ಮೇಪಲ್ ಮರ ಬೆವರು ಹೀರಿ ಬೂದುಬಣ್ಣಕ್ಕೆ ತಿರುಗಲು ಶುರುವಾಗಿತ್ತು. ನಾಫ್ತಾ ಎಂಬ ಪೆಟ್ರೋಲಿಯಂ ದ್ರಾವಕದಿಂದ ಜಿಡ್ಡು ತೆಗೆದು, ಒಣಗಿದ ಮೇಲೆ ಕಡ್ಡಿಯ ತುದಿಯಿಂದ ಸೂಪರ್ ಗ್ಲೂ ಹನಿಸಿದೆ. ಒಂದೇ ಸಲ ತುಂಬಿಸಬಾರದು: ಮೇಲ್ಪದರ ಗಟ್ಟಿಯಾಗಿ ಒಳಗೆ ಹಸಿ ಉಳಿಯುತ್ತದೆ. ತೆಳುಪದರ ಹಚ್ಚಿ, ತಾನಾಗಿ ಒಣಗಲು ಬಿಟ್ಟು, ಮತ್ತೆ ಹಚ್ಚಿ, ಗುಳಿ ಸುತ್ತಲಿನ ಮಟ್ಟಕ್ಕಿಂತ ತುಸು ಉಬ್ಬುವವರೆಗೆ ಹೀಗೇ ಮಾಡಿದೆ. ಬೇಗ ಒಣಗಿಸುವ ದ್ರವ ಸಿಂಪಡಿಸಿದರೆ ಒಳಗೆ ಗುಳ್ಳೆ ಏಳುವ ಸಾಧ್ಯತೆ ಇರುವುದರಿಂದ ಅದನ್ನು ಬಳಸಲಿಲ್ಲ.

ಉಬ್ಬನ್ನು ಇಳಿಸಲು ಬ್ಲೇಡಿನ ಎರಡೂ ತುದಿಗೆ ಟೇಪ್ ಸುತ್ತಿ, ನಡುವಿನ ಅಂಚಿನಿಂದ ಮಾತ್ರ ಹೆರೆದೆ. ಟೇಪ್‌ನ ದಪ್ಪ ಇರುವುದರಿಂದ ಸುತ್ತಲಿನ ಲ್ಯಾಕರ್‌ಗೆ ಗೀರು ಬೀಳುವುದಿಲ್ಲ. ಆಮೇಲೆ 800, 1000, 1500, 2000ರ (ಅಂಕಿ ಹೆಚ್ಚಿದಷ್ಟೂ ನಯ) ಉಜ್ಜುಕಾಗದವನ್ನು ಒದ್ದೆ ಮಾಡಿಕೊಂಡು ಉಜ್ಜಿದೆ, ತಿರುಪಿನ ತೂತುಗಳಿಗೆ ನೀರು ಇಳಿಯದಂತೆ ನೋಡಿಕೊಂಡೆ. ಪಾಲಿಶ್ ಹಾಕಲಿಲ್ಲ. ಹೆಬ್ಬೆರಳು ಜಾರುವ ಜಾಗಕ್ಕೆ ಮಂದ ಮೈಯೇ ಹಿತವೆಂದು, ನೆಕ್‌ನ ಹಿಂಬದಿಯನ್ನೆಲ್ಲ ನಯವಾದ ಪ್ಲಾಸ್ಟಿಕ್ ನಾರಿನಿಂದ ತಿಕ್ಕಿದೆ. ಉಕ್ಕಿನ ನಾರು ಬೇಡ, ಅದರ ಪುಡಿ ಪಿಕಪ್‌ನ ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ.