ಕೆಂಪು ಬುಟ್ಟಿಗೆ ಹಾಕುವ ಮುನ್ನ: ಮನೆಯ ಅಪಾಯಕಾರಿ ಕಸವನ್ನು ಒಪ್ಪಿಸುವ ಬಗೆ

ಹಸಿ ಕಸಕ್ಕೆ ಹಸಿರು ಬುಟ್ಟಿ, ಒಣ ಕಸಕ್ಕೆ ಚೀಲ, ಉಳಿದುದಕ್ಕೆ ಕೆಂಪು ಬುಟ್ಟಿ ಎಂಬ ಕ್ರಮ ಬೆಂಗಳೂರಿನ ಬಹಳಷ್ಟು ಮನೆಗಳಿಗೆ ರೂಢಿಯಾಗಿದೆ. ತೊಡಕಿರುವುದು ‘ಉಳಿದುದು’ ಎಂಬ ಆ ಮಾತಿನಲ್ಲಿ. ಡಯಾಪರ್, ಪ್ಯಾಡ್‌ಗಳ ಜೊತೆಗೆ ಇನ್ಸುಲಿನ್ ಸೂಜಿ, ಕೆಟ್ಟ ಟ್ಯೂಬ್‌ಲೈಟ್, ಅವಧಿ ಮೀರಿದ ಮಾತ್ರೆ, ಜಿರಳೆ ಔಷಧಿಯ ಡಬ್ಬಿ ಎಲ್ಲವೂ ಅದೇ ಬುಟ್ಟಿಗೆ ಬೀಳುತ್ತವೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಸೂಜಿ, ಟ್ಯೂಬ್‌ಲೈಟ್, ಮಾತ್ರೆ, ಕೀಟನಾಶಕದ ಡಬ್ಬಿಯಂಥವನ್ನು ಗೃಹಬಳಕೆಯ ಅಪಾಯಕಾರಿ ತ್ಯಾಜ್ಯವೆಂದು ಬೇರೆ ಮಾಡಿದ್ದವು. 2026ರ ಏಪ್ರಿಲ್ 1ರಿಂದ ಅನ್ವಯವಾಗುವ ಹೊಸ ನಿಯಮಗಳು ಹಸಿ, ಒಣ, ಸ್ಯಾನಿಟರಿ ಮತ್ತು ವಿಶೇಷ ಕಾಳಜಿಯ ಕಸವೆಂದು ನಾಲ್ಕು ಬಗೆಯಾಗಿ ವಿಂಗಡಿಸುವಂತೆ ಹೇಳುತ್ತವೆ.

ಬೆಳಿಗ್ಗೆ ಆಟೋ ಟಿಪ್ಪರ್ ಬಂದು ನಿಂತಾಗ ಒಮ್ಮೆ ಗಮನಿಸಿ. ಬೆರೆಸಿ ಕೊಟ್ಟ ಕಸವನ್ನು ಪೌರಕಾರ್ಮಿಕರು ಗಾಡಿಯ ಅಂಚಿನಲ್ಲಿ ಸುರಿದು, ಕೈಯಿಂದಲೇ ಕೆದಕಿ ಬೇರ್ಪಡಿಸುತ್ತಾರೆ. ತೆಳು ಗ್ಲೌಸ್ ಸೂಜಿಯ ಮೊನೆಯನ್ನು ತಡೆಯುವುದಿಲ್ಲ. ಆದ್ದರಿಂದ ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಮೊದಲು ಸೂಜಿಗೆ ವ್ಯವಸ್ಥೆ ಮಾಡಿ. ಫಿನಾಯಿಲ್ ಅಥವಾ ಬಟ್ಟೆ ಒಗೆಯುವ ದ್ರಾವಣದ ಖಾಲಿಯಾದ ದಪ್ಪ ಡಬ್ಬಿಯನ್ನು ತೊಳೆದು ಒಣಗಿಸಿ, ಚುಚ್ಚಿಕೊಂಡ ಕೂಡಲೇ ಸೂಜಿಯನ್ನು ಬಾಗಿಸದೆ, ಮುರಿಯದೆ ಅದರೊಳಗೆ ಹಾಕಿ. ಕುಡಿಯುವ ನೀರಿನ ಬಾಟಲಿ ತೀರಾ ತೆಳುವಾದ್ದರಿಂದ ಅದು ಬೇಡ. ಡಬ್ಬಿ ಮುಕ್ಕಾಲು ತುಂಬಿದಾಗ ಮುಚ್ಚಳ ಬಿಗಿದು, ಟೇಪ್ ಸುತ್ತಿ, ಮೇಲೆ ‘ಸೂಜಿ ಇದೆ’ ಎಂದು ದೊಡ್ಡದಾಗಿ ಬರೆದು, ಬುಟ್ಟಿಯಲ್ಲಿ ಹಾಕದೆ ಕೈಗೇ ಕೊಟ್ಟು ಬಾಯಲ್ಲೂ ಹೇಳಿ.

ಟ್ಯೂಬ್‌ಲೈಟ್ ಮತ್ತು ಸಿಎಫ್‌ಎಲ್‌ಗಳಲ್ಲಿ ಪಾದರಸವಿರುತ್ತದೆ, ಎಲ್‌ಇಡಿಯಲ್ಲಿ ಇರುವುದಿಲ್ಲ. ಕೆಟ್ಟುಹೋದದ್ದನ್ನು ಹೊಸದು ಬಂದ ರಟ್ಟಿನ ಕವಚದಲ್ಲೇ ಇಟ್ಟು, ಒಡೆಯದಂತೆ ಒಪ್ಪಿಸಬೇಕು. ಅಕಸ್ಮಾತ್ ಒಡೆದರೆ ಮಕ್ಕಳನ್ನು ಹೊರಗೆ ಕಳುಹಿಸಿ, ಕಿಟಕಿ ತೆರೆದು, ಹತ್ತು ನಿಮಿಷ ಆ ಕೋಣೆಗೆ ಹೋಗಬೇಡಿ. ಆಮೇಲೂ ಪೊರಕೆ ಹಿಡಿಯಬಾರದು, ಏಕೆಂದರೆ ಗುಡಿಸಿದಷ್ಟೂ ಪುಡಿ ಹರಡುತ್ತದೆ. ಗಟ್ಟಿ ರಟ್ಟಿನಿಂದ ಚೂರುಗಳನ್ನು ಬಾಚಿ, ನುಣ್ಣನೆಯ ಪುಡಿಯನ್ನು ಅಂಟುಟೇಪಿನಿಂದ ಒತ್ತಿ ತೆಗೆದು, ಎಲ್ಲವನ್ನೂ ಮುಚ್ಚಳವಿರುವ ಗಾಜಿನ ಜಾಡಿಗೆ ಹಾಕಿ.

ಮೊಬೈಲಿನ ಉಬ್ಬಿದ ಬ್ಯಾಟರಿಯನ್ನು ಯಾವ ಬುಟ್ಟಿಗೂ ಹಾಕಬೇಡಿ. ಕಸವನ್ನು ಒತ್ತಿ ತುಂಬುವ ಕಾಂಪ್ಯಾಕ್ಟರ್ ಲಾರಿಯಲ್ಲಿ ಅದು ನಜ್ಜುಗುಜ್ಜಾದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ತುದಿಗಳಿಗೆ ಟೇಪ್ ಅಂಟಿಸಿ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ತಲುಪಿಸಿ. ಹಳೆಯ ಬ್ಯಾಟರಿಗಳನ್ನು ಹಿಂಪಡೆಯುವ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೆಯೇ ಹೊರಿಸಿವೆ. ಉಳಿದ ಔಷಧಿಯನ್ನು ಸಿಂಕಿಗೆ ಸುರಿಯದೆ ಒಂದೇ ಲಕೋಟೆಯಲ್ಲಿ ಕೂಡಿಡಿ. ಕೀಟನಾಶಕದ ಡಬ್ಬಿಯನ್ನು ತೊಳೆಯುವುದಾಗಲಿ, ಸುಡುವುದಾಗಲಿ ಬೇಡ. ಪ್ಯಾಡ್, ಡಯಾಪರ್‌ಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೆಂಪು ಗುರುತು ಹಾಕಿದರೆ, ಬಿಚ್ಚಿ ನೋಡುವ ಗತಿ ಪೌರಕಾರ್ಮಿಕರಿಗೆ ಬರುವುದಿಲ್ಲ.

2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದಿರುವುದರಿಂದ ಹಳೆಯ ವಾರ್ಡ್ ಸಂಖ್ಯೆಯನ್ನು ನೆಚ್ಚಿಕೊಳ್ಳದೆ, ಅಪಾಯಕಾರಿ ಕಸವನ್ನು ಯಾವ ದಿನ ಒಯ್ಯುತ್ತಾರೆ, ಹತ್ತಿರದ ಸಂಗ್ರಹಣಾ ಕೇಂದ್ರ ಎಲ್ಲಿದೆ ಎಂದು ಗಾಡಿಯವರನ್ನೇ ಕೇಳಿ. ಆ ದಿನ ಬರುವವರೆಗೆ ಎಲ್ಲವೂ ಮಕ್ಕಳ ಕೈಗೆಟುಕದ ಎತ್ತರದಲ್ಲಿ, ಅಡುಗೆ ಒಲೆಯಿಂದ ದೂರದಲ್ಲಿರಲಿ.